ಬಚ್ಚಲು ಕಟ್ಟಿತು, ಬೈಗುಳ ಮರಕ್ಕೆ ಬಿತ್ತು!

ಬಿಳಿಕೆರೆ: ಬೆಳಗ್ಗೆ ಆರೂವರೆ ಗಂಟೆ. ಮನೆ ಯಜಮಾನರು ಮೈಸೂರು ಬಸ್ಸು ಹಿಡಿಯುವ ಅವಸರದಲ್ಲಿದ್ದಾರೆ. ತಲೆ ಮೇಲೆ ಎರಡು ಚೊಂಬು ನೀರು ಬಿದ್ದಿದೆ, ಮೈಗೆ ಸೋಪು ಹಚ್ಚಿ ಆಗಿದೆ. ಕೆಳಗೆ ನೋಡಿದರೆ ಬಚ್ಚಲು ನೀರು ಹೋಗುತ್ತಲೇ ಇಲ್ಲ! ಬೆರಳು ಮುಳುಗಿತು, ಪಾದ ಮುಳುಗಿತು. ಪಕ್ಕದ ಕಕ್ಕಸಿನಿಂದ ‘ಗುಳುಕ್’ ಅಂತ ಶಬ್ದ. ಅದರ ಹಿಂದೆ ಬಂದ ವಾಸನೆಯನ್ನು, ಸಂಜೆ ಕಾಫಿ ಕುಡಿಯುತ್ತಾ ಪತ್ರಿಕೆ ಓದುವವರಿಗೆ ವರ್ಣಿಸುವುದು ಬೇಡ.

ಇಂಥ ಬೆಳಗು ಬಿಳಿಕೆರೆಗೆ ಮಾತ್ರ ಬರೋದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಎಲ್ಲಿಯೇ ಆಗಲಿ, ಹಿತ್ತಲಲ್ಲಿ ಎರಡು ಮರ, ನೆಲದಡಿ ಒಂದು ಹಳೇ ಪೈಪು ಇರುವ ಯಾವ ಮನೆಗೂ ಬರಬಹುದು.

ಮುಂದಿನದು ಯಾವ ಊರಲ್ಲಾದರೂ ಒಂದೇ ನಾಟಕ. ಮೊದಲು ಬಕೆಟ್‌ಗಟ್ಟಲೆ ಬಿಸಿನೀರು ಸುರಿಯುತ್ತಾರೆ. ಆಮೇಲೆ ಅಂಗಡಿಯಿಂದ ಆಸಿಡ್ ಬಾಟಲಿ ಬರುತ್ತದೆ. ಎರಡಕ್ಕೂ ಬಗ್ಗದಿದ್ದಾಗ ಮೇಸ್ತ್ರಿಗೆ ಬುಲಾವ್. ಮೇಸ್ತ್ರಿ ಬಂದು ಚೇಂಬರಿನ ಮುಚ್ಚಳ ಎತ್ತಿ, ಸೀಳಿದ ಬಿದಿರು ದಬ್ಬೆಯನ್ನು ಪೈಪಿನೊಳಗೆ ಹತ್ತು ಸಲ ತಳ್ಳಿ ಹತ್ತು ಸಲ ಎಳೆದಾಗ, ತುದಿಗೆ ಸಿಕ್ಕಿಕೊಂಡು ಬರುವುದು ಬಟ್ಟೆಯೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಹೆಂಗಸರ ಚೌರಿಯಂಥ ಕಂದು ನಾರಿನ ಜುಟ್ಟು! ಒಂದು ಮೊಳ, ಕೆಲವು ಸಲ ಒಂದು ಮಾರು.

“ನೋಡಿ ಸ್ವಾಮಿ, ಬೇರು ಹೊಕ್ಕೊಂಡದೆ. ಪೈಪ್‌ನೇ ಒಡೆದಾಕದೆ ಈ ಮರ. ಕಡ್ಸಾಕ್ಬುಡಿ, ಪೀಡೆ ಹೋಯ್ತದೆ” ಅನ್ನುತ್ತಾರೆ ಮೇಸ್ತ್ರಿ.

ಒಳಗಿನಿಂದ ಅಜ್ಜಿಯ ಕೂಗು: “ನಿಮ್ಮಪ್ಪ ನೆಟ್ಟಿದ್ದು ಕನ್ಲಾ ಅದು, ಯಾರೂ ಮುಟ್ಬ್ಯಾಡಿ!”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ. ಜ್ವರ ಬಂದಿರುವುದು ಪೈಪಿಗೆ. ಕೊಡಲಿ ಏಳುವುದು ಮರದ ಮೇಲೆ.

ಬೇರಿಗೆ ಮೂಗಿಲ್ಲ

ನಲವತ್ತಡಿ ದೂರದಲ್ಲಿ ಪೈಪು ಇದೆ ಅಂತ ವಾಸನೆ ಹಿಡಿದು ಯಾವ ಬೇರೂ ಬರುವುದಿಲ್ಲ. ಎಳೆ ಬೇರುಗಳು ಮಣ್ಣಿನೊಳಗೆ ಎಲ್ಲಾ ದಿಕ್ಕಿಗೂ ಹೋಗುತ್ತವೆ. ಒಣ ಮಣ್ಣು ಸಿಕ್ಕ ಕಡೆ ಸೊರಗುತ್ತವೆ, ತೇವ ಸಿಕ್ಕ ಕಡೆ ಕವಲೊಡೆದು ಹಬ್ಬುತ್ತವೆ. ಪೈಪು ಗಟ್ಟಿಯಾಗಿದ್ದು, ಸಂದುಗಳಲ್ಲಿ ಸೋರದೆ ಇದ್ದರೆ ಬೇರು ಅದರ ಮೈ ಸವರಿಕೊಂಡು ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಸೋರಿತೋ, ಅಲ್ಲಿ ಮಣ್ಣು ವರ್ಷವಿಡೀ ತೇವ. ಜೊತೆಗೆ ಕಕ್ಕಸಿನ ನೀರಿನಲ್ಲಿರುವ ಸಾರಜನಕ, ರಂಜಕ. ಗೊಬ್ಬರದಂಗಡಿಯಲ್ಲಿ ಮೂಟೆಗೆ ದುಡ್ಡು ಕೊಟ್ಟು ತರುವ ಸರಕು ಇಲ್ಲಿ ಪುಕ್ಕಟೆ! ಕೂದಲೆಳೆಯಂಥ ಬಿರುಕಿದ್ದರೂ ಬೇರಿನ ತುದಿ ತೂರುತ್ತದೆ. ಒಳಗೆ ಹೋದ ಮೇಲೆ ತಡೆಯುವವರಾರು? ನೀರಿದೆ, ಗಾಳಿಯಿದೆ, ಊಟವಿದೆ. ಒಂದು ಎಳೆ ನೂರಾಗಿ ಚೌರಿಯಂತೆ ಹರಡುತ್ತದೆ. ಅದಕ್ಕೆ ಕೂದಲು, ಎಣ್ಣೆ ಜಿಡ್ಡು, ಸೋಪಿನ ಗಸಿ ಒಂದೊಂದಾಗಿ ಸಿಕ್ಕಿಕೊಂಡು ಕೊನೆಗೆ ಬಿರಡೆ ಹಾಕಿದ ಹಾಗಾಗುತ್ತದೆ.

ಅಂದರೆ ಮೊದಲು ಸೋರಿಕೆ, ಆಮೇಲೆ ಬೇರು. ಮೇಸ್ತ್ರಿಗಳು ಹೇಳುವ ಲೆಕ್ಕ ತಲೆಕೆಳಗು.

ಹಾಗಂತ ಹೊಕ್ಕ ಮೇಲೆ ಮರವೂ ಪೂರಾ ಸಾಚಾ ಅಲ್ಲ ಅನ್ನಿ. ಅರಳಿ, ಆಲ, ಅತ್ತಿ, ಗೋಣಿ ಜಾತಿಯ ಬೇರು ವರ್ಷ ವರ್ಷ ದಪ್ಪವಾಗಿ ಸಂದನ್ನು ಅಗಲ ಮಾಡಿ, ಕೊನೆಗೆ ಪೈಪನ್ನೇ ಸೀಳುತ್ತದೆ. ತೆಂಗಿನ ಗುಣ ಬೇರೆ. ಅದಕ್ಕೆ ತಾಯಿಬೇರಿಲ್ಲ. ಬುಡದಿಂದ ಸಾವಿರಾರು ಬೇರು ಹೊರಡುತ್ತವೆ, ಬೆರಳು ಗಾತ್ರ ಮೀರಿ ದಪ್ಪ ಆಗುವುದಿಲ್ಲ. ಒಡೆಯುವುದು ಕಡಿಮೆ, ತುಂಬಿಕೊಳ್ಳುವುದು ಜಾಸ್ತಿ.

ಬಚ್ಚಲ ಹಿಂದಿನ ಬಾಳೆ

ಹಳೇ ಮನೆಗಳ ಹಿತ್ತಲು ನೋಡಿದವರಿಗೆ ಇದರ ಮೂಲ ಗೊತ್ತಾಗುತ್ತದೆ. ಬಚ್ಚಲ ಗೋಡೆಗೊಂದು ತೂತು. ಅಲ್ಲಿಂದ ಕಲ್ಲು ಜೋಡಿಸಿದ ಒಂದು ಮೋರಿ. ಮೋರಿಯ ಕೊನೆಗೆ ನಾಲ್ಕು ಬಾಳೆ ಕಂದು, ಕೆಸು, ಪಕ್ಕದಲ್ಲೊಂದು ತೆಂಗು. ಸ್ನಾನದ ನೀರು, ಪಾತ್ರೆ ತೊಳೆದ ನೀರು ಎಲ್ಲಾ ಅವಕ್ಕೆ. ಯಾರೂ ಲೆಕ್ಕ ಬರೆದಿಡದ ಈ ನೀರಾವರಿಯಿಂದ ಎಷ್ಟೋ ಮನೆಗಳಿಗೆ ವರ್ಷದ ಕಾಯಿ ಬಂದಿದೆ. ಕಕ್ಕಸು ಮಾತ್ರ ದೂರ, ಇಲ್ಲವೇ ಬಯಲು.

ಆಮೇಲೆ ಕಾಲ ಬದಲಾಯಿತು. ಕಕ್ಕಸು ಮನೆಯೊಳಗೇ ಬಂತು. ಬರಲೇಬೇಕಿತ್ತು, ಹೆಣ್ಣುಮಕ್ಕಳು ಕತ್ತಲಾಗುವುದನ್ನು ಕಾಯುತ್ತಿದ್ದ ಕಷ್ಟ ತಪ್ಪಿತು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಯೋಜನೆ ಶುರುವಾದ ಮೇಲೆ ಹಳ್ಳಿ ಹಳ್ಳಿಯಲ್ಲೂ ಶೌಚಾಲಯ ಕಟ್ಟಿದರು. ಆದರೆ ಮನೆ ಕಟ್ಟಿಸುವಾಗ, ರಿಪೇರಿ ಮಾಡಿಸುವಾಗ ಒಂದು ಎಡವಟ್ಟು ನಡೆಯಿತು. ‘ಎಲ್ಲಾ ಒಂದೇ ಲೈನಿಗೆ ಬಿಟ್ಬುಡಿ, ಕ್ಲೀನಾಗಿರ್ತದೆ’ ಅಂತ ಬಚ್ಚಲ ನೀರನ್ನೂ ಕಕ್ಕಸಿನ ನೀರನ್ನೂ ಒಂದೇ ಪೈಪಿಗೆ ಸೇರಿಸಿ, ನೆಲದಡಿ ಹುಗಿದು, ಮೇಲೆ ಸಿಮೆಂಟು ಬಳಿದರು. ಮೋರಿ ಮುಚ್ಚಿತು, ಬಾಳೆ ಸತ್ತಿತು.

ತೆಂಗು ಸಾಯಲಿಲ್ಲ. ಮೂವತ್ತು ವರ್ಷ ದಿನಾ ನೀರು ಕುಡಿದ ಮರಕ್ಕೆ ಒಂದು ದಿನ ಏಕಾಏಕಿ ನಲ್ಲಿ ಬಂದ್! ಅದೇ ನೀರು ಹೋಗುತ್ತಿರುವುದು ಅದರ ಕಾಲ ಕೆಳಗೇ, ಪೈಪಿನೊಳಗೆ. ಫೆಬ್ರವರಿಯಿಂದ ಮೇವರೆಗೆ ಸುತ್ತಲ ಮಣ್ಣು ಒಣಗಿದಾಗ ಪೈಪಿನ ಸಂದು ಒಂದೇ ಒದ್ದೆ ಜಾಗ. ಬೇರು ಅಲ್ಲಿಗೆ ಬಾರದೆ ಇನ್ನೆಲ್ಲಿಗೆ ಹೋಗಬೇಕು? ಬೇಸಿಗೆಯಲ್ಲಿ ಬೆಳೆದದ್ದು ಮುಂಗಾರಿನ ಹೊತ್ತಿಗೆ ಪೈಪು ತುಂಬಿರುತ್ತದೆ. ಮಳೆ ನೀರೂ ಚೇಂಬರಿಗೆ ನುಗ್ಗಿದಾಗ ಬಚ್ಚಲು ಹಿಂದಕ್ಕೆ ಉಕ್ಕುತ್ತದೆ.

ಎರಡಡಿಗೊಂದು ಸಂದು

ಪೈಪು ಸೋರುವುದು ಯಾಕೆ? ಹಳೇ ಮನೆಗಳಲ್ಲಿ ಹಾಕಿರುವುದು ಸ್ಟೋನ್‌ವೇರ್ ಪೈಪು. ಜೇಡಿಮಣ್ಣನ್ನು ಸುಟ್ಟು ಮೆರುಗು ಕೊಟ್ಟದ್ದು. ಸರಕೇನೋ ಒಳ್ಳೆಯದೇ, ಆಸಿಡ್ಡಿಗೂ ಜಗ್ಗುವುದಿಲ್ಲ. ಆದರೆ ಒಂದೊಂದು ಪೈಪಿನ ಉದ್ದ ಎರಡಡಿ, ಹೆಚ್ಚೆಂದರೆ ಮೂರಡಿ. ಎರಡಡಿಯ ಲೆಕ್ಕದಲ್ಲಿ ಕಕ್ಕಸಿನಿಂದ ಗುಂಡಿಗೆ ನಲವತ್ತಡಿ ಲೈನೆಂದರೆ ಇಪ್ಪತ್ತು ತುಂಡು! ಒಂದರ ಬಾಯಿಗೆ ಇನ್ನೊಂದರ ಬಾಲ ತೂರಿಸಿ, ಸಿಮೆಂಟು ಹಾಲಿನಲ್ಲಿ ಅದ್ದಿದ ಸೆಣಬು ಸುತ್ತಿ, ಮೇಲೆ ಗಾರೆ ಒತ್ತುತ್ತಿದ್ದರು. ಕೆಲಸ ನಿಯತ್ತಿನಿಂದ ಮಾಡಿದ್ದರೆ ದಶಕಗಟ್ಟಲೆ ಬಾಳುತ್ತದೆ. ಅವಸರದಲ್ಲಿ ಮೇಲಿನ ಅರ್ಧಕ್ಕೆ ಮಾತ್ರ ಗಾರೆ ಮೆತ್ತಿ, ಕೈಗೆ ಎಟುಕದ ಕೆಳಗಿನ ಅರ್ಧ ಬಿಟ್ಟಿದ್ದರೆ? ಮಣ್ಣು ಮುಚ್ಚಿದ ಮೇಲೆ ಕಾಣುವುದು ಯಾರಿಗೆ? ಬೇರಿಗೆ ಮಾತ್ರ ಕಾಣುತ್ತದೆ.

ಇದರ ಜೊತೆಗೆ ನೆಲ ಕುಸಿಯುವುದುಂಟು. ಎರೆಮಣ್ಣಾದರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲೆ ಟ್ರಾಕ್ಟರ್ ಹೋದರಂತೂ ಮುಗಿದೇ ಹೋಯಿತು.

ಬಿಳಿಕೆರೆಯವರು ಕೆಲಸಕ್ಕೆ, ಆಸ್ಪತ್ರೆಗೆ, ಸಂತೆಗೆ ಅಂತ ಹೋಗಿ ಬರುವ ಮೈಸೂರಿಗೂ ಈ ಕಾಟ ಹೊಸದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಮೈಸೂರು ನಡುಗಿತ್ತು. ಆಮೇಲೆ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, ಜನರ ಬಾಯಲ್ಲಿ ಸಿಐಟಿಬಿ, ಹುಟ್ಟಿತು. ಹಳೇ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಅನ್ನುವ ಓಣಿ ಬಿಟ್ಟಿದ್ದನ್ನು ಈಗಲೂ ನೋಡಬಹುದು. ಕಕ್ಕಸಿನ ಮಲವನ್ನು ಮನುಷ್ಯರೇ ತೆಗೆದುಕೊಂಡು ಹೋಗುತ್ತಿದ್ದ ದಾರಿ ಅದು. ಒಳಚರಂಡಿ ಬಂದ ಮೇಲೆ ಎಷ್ಟೋ ಕಡೆ ಪೈಪು ಹೂತಿದ್ದೂ ಅದೇ ಓಣಿಯಲ್ಲಿ. ಹಕ್ಕಿ ಹಾಕಿದ ಹಿಕ್ಕೆಯಿಂದ ಅರಳಿ ಸಸಿ ಹುಟ್ಟುವುದೂ ಅದೇ ಓಣಿಯ ಗೋಡೆಯಲ್ಲಿ. ಅಲ್ಲಿ ಲೈನು ಕಟ್ಟಿಕೊಂಡರೆ ನಗರಪಾಲಿಕೆಯ ಜೆಟ್ಟಿಂಗ್ ಯಂತ್ರ ಬಂದು ರಭಸದ ನೀರಿನಿಂದ ಬೇರನ್ನು ಕತ್ತರಿಸಿ ತಳ್ಳುತ್ತದೆ. ಬಿಳಿಕೆರೆಯಂಥ ಪಂಚಾಯಿತಿ ಊರುಗಳಲ್ಲಿ ಮನೆ ಪೈಪು ಸೇರುವುದು ಗುಂಡಿಗೋ ಸೆಪ್ಟಿಕ್ ಟ್ಯಾಂಕಿಗೋ. ಇಲ್ಲಿ ಆ ಯಂತ್ರ ಎಲ್ಲಿಂದ ಬರಬೇಕು? ಮನೆಯವರದೇ ತಾಪತ್ರಯ.

ಮೈಲುತುತ್ತದ ಮದ್ದು

ಹೊಗೆಸೊಪ್ಪು, ಅಡಿಕೆ ಬೆಳೆಯುವ ಸೀಮೆಯಲ್ಲಿ ಔಷಧಿ ಅಂಗಡಿಗೆ ಬರವಿಲ್ಲ. “ಅರ್ಧ ಕೇಜಿ ಮೈಲುತುತ್ತ ಕದಡಿ ಕಕ್ಕಸಿಗೆ ಸುರೀರಿ, ಬೇರು ಕರಕಲಾಗ್ತದೆ” ಅಂತ ಸಲಹೆ ಕೊಡುವವರೂ ಬೇಕಾದಷ್ಟು. ಸುಳ್ಳೇನಲ್ಲ. ಮೈಲುತುತ್ತ ತಾಗಿದ ಬೇರು ಸಾಯುತ್ತದೆ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲವಲ್ಲ! ಪೈಪಿನಿಂದ ಸೆಪ್ಟಿಕ್ ಟ್ಯಾಂಕಿಗೆ ಹೋಗಿ, ಅಲ್ಲಿ ಮಲ ಕರಗಿಸುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಟ್ಯಾಂಕಿನ ಕೆಲಸವೇ ಆ ಜೀವಿಗಳದು. ಅವು ಸತ್ತರೆ ಟ್ಯಾಂಕು ಬರೀ ತೊಟ್ಟಿ, ಬೇಗ ತುಂಬುತ್ತದೆ. ತಾಮ್ರ ಕೊಳೆತು ಹೋಗುವ ವಸ್ತುವೂ ಅಲ್ಲ, ಮಣ್ಣಿನಲ್ಲೇ ಉಳಿಯುತ್ತದೆ. ನೀರಿಗೆ ಸೇರಿದರೆ ಮೀನಿಗೆ ವಿಷ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲ ಜಿಲ್ಲೆಗಳಲ್ಲಿ ಚರಂಡಿ ಬೇರಿಗೆ ಮೈಲುತುತ್ತ ಹಾಕುವುದನ್ನು ಇದೇ ಕಾರಣಕ್ಕೆ ನಿಷೇಧಿಸಿದ್ದಾರೆ. ಹೆಸರಲ್ಲೇ ಕೆರೆ ಇಟ್ಟುಕೊಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಬೇರು ಸತ್ತರೂ ಬಿರುಕು ಹಾಗೇ ಇರುತ್ತದೆ. ಮುಂದಿನ ಬೇಸಿಗೆಗೆ ಇನ್ನೊಂದು ಬೇರು ಹಾಜರು. ಮರ ಕಡಿಸಿದರೂ ಇದೇ ಕಥೆ. ಬುಡ ಬಿಟ್ಟರೆ ಅರಳಿ, ಬೇವು, ಹೊಂಗೆ ಮತ್ತೆ ಚಿಗುರುತ್ತವೆ. ದೊಡ್ಡ ಮರವಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೂ ಅಡ್ಡ ಬರಬಹುದು. ಕೊಡಲಿ ಎತ್ತುವ ಮೊದಲು ಹುಣಸೂರಿನ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಇನ್ನೊಂದು ಮಾತು ಯಾರೂ ಆಡುವುದಿಲ್ಲ. ಬೇರು ಒಳಗೆ ಬಂದ ಸಂದಿನಿಂದಲೇ ಕೊಳಚೆ ಹೊರಗೆ ಹೋಗುತ್ತಿರುತ್ತದೆ. ಹತ್ತಿರದಲ್ಲೇ ಬಾವಿಯೋ ಬೋರ್‌ವೆಲ್ಲೋ ಇದ್ದರೆ ವಾಂತಿಭೇದಿ, ಟೈಫಾಯ್ಡ್, ಕಾಮಾಲೆಗೆ ದಾರಿ. ಕಕ್ಕಸಿನ ಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 10 ಮೀಟರ್ ಅಂತರ ಇರಲಿ ಅನ್ನುವ ನಿಯಮ ಸುಮ್ಮನೆ ಮಾಡಿದ್ದಲ್ಲ. ಗುಂಡಿ ದೂರ ತೋಡಿ, ಅದಕ್ಕೆ ಹೋಗುವ ಪೈಪು ಬಾವಿ ಪಕ್ಕದಲ್ಲೇ ಸೋರುತ್ತಿದ್ದರೆ ಆ ಅಂತರಕ್ಕೆ ಅರ್ಥವೇನು ಬಂತು?

ಮನುಷ್ಯನನ್ನು ಇಳಿಸಬೇಡಿ

ಈ ರಗಳೆಯಲ್ಲಿ ಹಣ ಹೋಗಬಹುದು, ಮರ ಹೋಗಬಹುದು. ಒಂದು ಪ್ರಾಣ ಹೋಗುವುದೂ ಉಂಟು. ದಬ್ಬೆಗೆ ಬೇರು ಬಗ್ಗದಿದ್ದಾಗ ಮುಂದಿನ ಹೆಜ್ಜೆ ಯಾವುದು ಅಂತ ಎಲ್ಲರಿಗೂ ಗೊತ್ತು. ಯಾರನ್ನಾದರೂ ಕರೆದು, ಕೈಗೆ ನಾನೂರು ಐನೂರು ಇಟ್ಟು, “ಒಸಿ ಇಳಿದು ನೋಡಪ್ಪ” ಅನ್ನುವುದು. ಕರೆಯುವುದೂ ಯಾವ ಕೇರಿಯವರನ್ನು ಅಂತ ಬಿಡಿಸಿ ಹೇಳಬೇಕೆ?

ಮುಚ್ಚಿದ ಟ್ಯಾಂಕಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದರ ಮೋಸ ಏನೆಂದರೆ, ಸ್ವಲ್ಪ ಇದ್ದಾಗ ನಾರುತ್ತದೆ, ಜಾಸ್ತಿಯಾದಾಗ ಮೂಗಿನ ಶಕ್ತಿಯನ್ನೇ ಸಾಯಿಸುತ್ತದೆ. ‘ವಾಸನೆ ಹೋಯ್ತು, ಈಗ ಇಳೀಬೋದು’ ಅಂದುಕೊಂಡವನು ಒಂದೆರಡು ಉಸಿರಿಗೇ ಕುಸಿಯಬಹುದು. ಜೊತೆಗಿರುವ ಮೀಥೇನಿಗೆ ವಾಸನೆಯೇ ಇಲ್ಲ. ದೀಪ ಬಿಟ್ಟು ನೋಡುತ್ತೇವೆ ಅನ್ನುವವರಿಗೆ ಅದು ‘ಭಗ್’ ಅಂತ ಹೊತ್ತಿಕೊಳ್ಳುತ್ತದೆ. ಬಿದ್ದವನನ್ನು ಎತ್ತಲು ಇಳಿದವನೂ ಬೀಳುವುದು ಇಂಥ ಕಡೆ ಮತ್ತೆ ಮತ್ತೆ ನಡೆದಿದೆ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ.ರಾಮನ್ ನಗರದ ಮ್ಯಾನ್‌ಹೋಲೊಂದರಲ್ಲಿ ಮೂವರು ಕಾರ್ಮಿಕರು ಹೀಗೇ ಸತ್ತರು.

ಈ ವಿಷಯದಲ್ಲಿ ಹುಣಸೂರು ಸೀಮೆಗೆ ಒಂದು ಹಳೇ ನಂಟಿದೆ. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದಾಗ ಅವರ ಸಂಪುಟದಲ್ಲಿದ್ದ ಬಿ.ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅಂದು ಅದು ದೊಡ್ಡ ಸುದ್ದಿ. ತಲೆಯ ಮೇಲಿನ ಬುಟ್ಟಿ ಇಳಿಯಿತು, ಮನುಷ್ಯ ಗುಂಡಿಗೆ ಇಳಿಯುವುದು ಉಳಿಯಿತು. ಅದಕ್ಕೂ ಕಾನೂನು ಬರಲು 2013 ಆಗಬೇಕಾಯಿತು. ಆ ಕಾಯ್ದೆಯ 7ನೇ ಕಲಮಿನ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಚರಂಡಿ, ಸೆಪ್ಟಿಕ್ ಟ್ಯಾಂಕು ಬಳಿಯಲು ಇಳಿಸುವಂತಿಲ್ಲ. ಪಂಚಾಯಿತಿಯೂ ಇಳಿಸುವಂತಿಲ್ಲ, ಮನೆ ಮಾಲೀಕನೂ ಇಳಿಸುವಂತಿಲ್ಲ. ಮೊದಲ ತಪ್ಪಿಗೆ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಮೀನು ಸಿಗದ ಕೇಸು. ಸತ್ತವರ ಮನೆಯವರಿಗೆ 10 ಲಕ್ಷ ಪರಿಹಾರ ಅಂತ 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ‘ಅವನೇ ಒಪ್ಕೊಂಡು ಇಳಿದ’ ಅನ್ನುವ ಮಾತು ಪೊಲೀಸ್ ಠಾಣೆಯಲ್ಲಿ ನಡೆಯುವುದಿಲ್ಲ.

ಟ್ಯಾಂಕು ತುಂಬಿದ್ದರೆ ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿಸಬೇಕು. ಎರಡು ಮೂರು ವರ್ಷಕ್ಕೊಮ್ಮೆ ಹೇಗೂ ಮಾಡಿಸಬೇಕಾದ ಕೆಲಸವೇ ಅದು. ಬೇರು ಇರುವುದು ಬಹುಪಾಲು ಪೈಪಿನಲ್ಲಿ. ಪೈಪಿನ ಕೆಲಸಕ್ಕೆ ಟ್ಯಾಂಕಿಗೆ ಇಳಿಯುವ ಅಗತ್ಯವೇ ಇಲ್ಲ.

ಹಾಗಾದರೆ ಮಾಡೋದೇನು?

ಮೊದಲು ಕಟ್ಟಿರುವ ಜಾಗ ಹಿಡಿಯಬೇಕು. ಇದಕ್ಕೆ ಕ್ಯಾಮೆರಾ ಯಂತ್ರ ಬರುತ್ತದೆ, ಮೈಸೂರಿನಿಂದ ಕರೆಸುವ ಅನುಕೂಲ ಇದ್ದವರು ಕರೆಸಲಿ. ಇಲ್ಲದವರಿಗೆ ಎರಡು ಚೇಂಬರು, ಒಂದು ದಬ್ಬೆ ಸಾಕು. ಎರಡೂ ಚೇಂಬರಿನ ಮುಚ್ಚಳ ತೆಗೆದು ನೋಡಿ. ಮನೆ ಕಡೆಯದು ತುಂಬಿ, ಗುಂಡಿ ಕಡೆಯದು ಖಾಲಿ ಇದ್ದರೆ ಕಾಯಿಲೆ ನಡುವೆ ಇದೆ. ದಬ್ಬೆ ತಳ್ಳಿ, ಅದು ನಿಂತ ಕಡೆ ಚೇಂಬರಿನ ಬಾಯಿಗೆ ಸರಿಯಾಗಿ ದಬ್ಬೆಗೊಂದು ದಾರ ಕಟ್ಟಿ. ಹೊರಗೆಳೆದು ಅಷ್ಟೇ ಉದ್ದವನ್ನು ನೆಲದ ಮೇಲೆ, ಲೈನು ಹೋದ ದಿಕ್ಕಿಗೆ ಅಳೆಯಿರಿ. ಅಗೆಯಬೇಕಾದ್ದು ಅಲ್ಲಿ. ಮೇ ತಿಂಗಳಲ್ಲೂ ಅಲ್ಲಿ ಮಾತ್ರ ಗರಿಕೆ ಹಸಿರಾಗಿದ್ದರೆ ಗುರುತು ಇನ್ನೂ ಖಚಿತ.

ಅಗೆದು, ಬೇರು ಕತ್ತರಿಸಿ, ಅದೇ ಸಂದಿಗೆ ಒಂದಿಷ್ಟು ಸಿಮೆಂಟು ಮೆತ್ತಿ ಮುಚ್ಚಿದರೆ ಖರ್ಚು ಕಡಿಮೆ ಅನ್ನಿಸುತ್ತದೆ. ಆದರೆ ಆ ಲೈನಿನಲ್ಲಿ ಉಳಿದ ಸಂದುಗಳೂ ಅದೇ ವಯಸ್ಸಿನವು, ಅದೇ ಕೈ ಮಾಡಿದವು. ಆದಷ್ಟು ಚೇಂಬರಿನಿಂದ ಚೇಂಬರಿಗೆ ಪೂರಾ ಬದಲಾಯಿಸುವುದೇ ಲೇಸು. ಪಿವಿಸಿ ಪೈಪು 10 ಅಡಿ, 20 ಅಡಿ ಉದ್ದಕ್ಕೆ ಸಿಗುವುದರಿಂದ ನಲವತ್ತಡಿಗೆ ಎರಡು ಮೂರು ಸಂದು ಅಷ್ಟೆ. ಆ ಸಂದುಗಳನ್ನು ಒರೆಸಿ, ಒಣಗಿಸಿ, ಸಾಲ್ವೆಂಟ್ ಸಿಮೆಂಟು ಹಚ್ಚಿ ಕೂರಿಸಬೇಕು. ಒದ್ದೆ ಪೈಪಿಗೆ ಗೋಂದು ಹಚ್ಚಿ ‘ಆಯ್ತು ಬುಡಿ’ ಅನ್ನುವ ಮೇಸ್ತ್ರಿಯನ್ನು ಯಜಮಾನರು ನಿಂತು ನೋಡಿಕೊಳ್ಳಬೇಕು. ಕೆಳಗೆ ಮರಳು ಹಾಸಿ, 4 ಇಂಚಿನ ಪೈಪಾದರೆ ನಲವತ್ತರಿಂದ ಅರವತ್ತು ಅಡಿಗೆ ಒಂದಡಿ ಇಳಿಜಾರು ಕೊಡಬೇಕು. ಮರದ ಹತ್ತಿರ ಹಾಯುವ ಕಡೆ ಪೈಪಿನ ಸುತ್ತ ಕಾಂಕ್ರೀಟು ಕವಚ ಹಾಕಿಸಿದರೆ ಇನ್ನೂ ಭದ್ರ. ಚೇಂಬರಿನ ಇಟ್ಟಿಗೆ ಗೋಡೆಗೆ ಒಳಗೆ ಗಿಲಾವು ಮಾಡಿಸುವುದನ್ನು ಎಷ್ಟೋ ಮನೆಯವರು ಮರೆಯುತ್ತಾರೆ. ಪೈಪು ಹೊಸದಾದ ಮೇಲೂ ಬೇರು ನುಗ್ಗುವುದು ಆ ಇಟ್ಟಿಗೆ ಸಂದಿಯಿಂದಲೇ.

ಎರಡು ಗುಂಡಿಯ ಕಕ್ಕಸು ಇರುವವರು ಗುಂಡಿಯೊಳಗೆ ಬೇರು ಕಂಡರೆ ಗಾಬರಿಪಡಬೇಕಾಗಿಲ್ಲ. ಆ ಗುಂಡಿಯ ಗೋಡೆಯಲ್ಲಿ ನೀರು ಇಂಗಲೆಂದೇ ಕಿಂಡಿ ಬಿಟ್ಟಿರುತ್ತಾರೆ. ಪೈಪಿನಲ್ಲಿ, ನಡುವಿನ ಚೇಂಬರಿನಲ್ಲಿ ಬೇರು ಇರದಿದ್ದರೆ ಸರಿ.

ಇನ್ನು ಬಚ್ಚಲ ನೀರು. ಹೇಗೂ ನೆಲ ಅಗೆದಾಗಿದೆ, ಆಗಲೇ ಬಚ್ಚಲ ಲೈನನ್ನು ಕಕ್ಕಸಿನ ಲೈನಿನಿಂದ ಬೇರೆ ಮಾಡಿಸಿ ಹಿತ್ತಲಿಗೆ ಬಿಡಬಹುದು. ಮರದ ಬುಡದಿಂದ ಒಂದಷ್ಟು ದೂರದಲ್ಲಿ ಜಲ್ಲಿ ತುಂಬಿದ ಸಣ್ಣ ಗುಂಡಿ ಮಾಡಿದರೆ ಕೊಚ್ಚೆ ನಿಲ್ಲುವುದಿಲ್ಲ, ಸೊಳ್ಳೆಯೂ ಇಲ್ಲ. ಸೆಪ್ಟಿಕ್ ಟ್ಯಾಂಕಿನ ಮೇಲಿನ ಭಾರ ಎಷ್ಟೋ ಇಳಿಯುತ್ತದೆ. ತೆಂಗಿಗೆ ಅದರ ಪಾಲು ಸಿಗುತ್ತದೆ, ಅಜ್ಜಿಯ ಕೂಗೂ ನಿಲ್ಲುತ್ತದೆ. ಆಸಿಡ್, ಬ್ಲೀಚಿಂಗ್ ಪುಡಿ ಸುರಿದ ನೀರನ್ನು ಮಾತ್ರ ಅತ್ತ ಬಿಡಬಾರದು.

ಹೊಸದಾಗಿ ಗಿಡ ನೆಡುವವರು ಅರಳಿ, ಅತ್ತಿ ಜಾತಿಯನ್ನು ಪೈಪಿನ ಹತ್ತಿರ ತರಲೇಬೇಡಿ. ಆ ಮರಗಳಿಗೆ ಗುಡಿಯ ಅಂಗಳ, ಕೆರೆ ಏರಿ, ಅರಳಿಕಟ್ಟೆ ಇವೆಯಲ್ಲ! ದಾಸವಾಳ, ಪಾರಿಜಾತ, ಕರಿಬೇವು ಪೈಪಿನಿಂದ ಹತ್ತಡಿ ಬಿಟ್ಟು ಹಾಕಿದರೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ.

ಮಣ್ಣು ಮುಚ್ಚುವ ಮೊದಲು ಇನ್ನೊಂದು ಕೆಲಸ ಉಳಿಯುತ್ತದೆ. ಲೈನು ಎಲ್ಲಿಂದ ಎಲ್ಲಿಗೆ ಹೋಗಿದೆ, ಎಷ್ಟು ಆಳ, ಚೇಂಬರು ಎಲ್ಲಿದೆ ಅಂತ ಗೋಡೆಯಿಂದ ಅಳತೆ ಹಿಡಿದು ಒಂದು ಕಾಗದದಲ್ಲಿ ಗೆರೆ ಎಳೆದು, ಕಂದಾಯ ರಸೀದಿಗಳ ಜೊತೆ ಬೀರುವಿನಲ್ಲಿ ಇಟ್ಟುಕೊಳ್ಳಿ. ಹಳೇ ಮನೆಗಳಲ್ಲಿ ಅರ್ಧ ಖರ್ಚು ಪೈಪು ಹುಡುಕುವುದಕ್ಕೇ ಹೋಗುತ್ತದೆ. ಹಾಕಿದ ಮೇಸ್ತ್ರಿ ಇರುವುದಿಲ್ಲ, ಹಾಕಿಸಿದ ತಾತ ಇರುವುದಿಲ್ಲ. ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಮುಂಗಾರಿಗೆ ಮೊದಲು, ಚೇಂಬರಿನ ಮುಚ್ಚಳ ಎತ್ತಿ ಹತ್ತು ನಿಮಿಷ ಗಾಳಿಯಾಡಲು ಬಿಟ್ಟು ದೂರದಿಂದ ಟಾರ್ಚ್ ಹಾಕಿ ನೋಡಿ. ನೂಲಿನಂಥ ಬಿಳಿ ಬೇರು ಇಣುಕುತ್ತಿದ್ದರೆ ಮೇಸ್ತ್ರಿಗೆ ಆಗಲೇ ಹೇಳಿ ಕಳಿಸಿ. ಮಳೆ ಶುರುವಾದ ಮೇಲೆ ಅವರೂ ಸಿಗುವುದಿಲ್ಲ.